ಒಂಟಿ ನಳಿಗೆಯ ಕುದುರೆ

“ಕುದುರಿ ಎಲ್ಲಿಟ್ಟಿ, ಹೇಳ್ತೀಯೋ ಇಲ್ಲೋ?”

“ನಮ್ಮ ಮನ್ಯಾಗ ಎತ್ತು ಅದಾವ, ಎಮ್ಮಿ ಐತಿ. ಕುದುರಿ ಯಾವಾಗ ಕಟ್ಟಿದ್ರಿ?”

“ನಾಲಿಗಿ ಉದ್ದ ಮಾಡಬ್ಯಾಡ! ಬಂದೂಕಿನ ಕುದುರಿ ಕೇಳಾಕತ್ತೇನಿ. ನಿನ್ನಿ ಇತ್ತು, ಇವತ್ತಿಲ್ಲ!”

ಹೆಂಡತಿ ಕಸ್ತೂರೆವ್ವನ ಮೇಲೆ ಕೂಗಾಡುತ್ತಿದ್ದ ಮುರಗೆಪ್ಪನ ಕೈಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ಬಂದೂಕಿತ್ತು. ಕಾಡತೂಸಿನ ಬೆನ್ನಿಗೆ ಬಡಿಯುವ ಕಬ್ಬಿಣದ ತುಂಡು, ಜನ ಕುದುರೆ ಎನ್ನುವುದು, ಮಾಯವಾಗಿತ್ತು. ಅದಿಲ್ಲದಿದ್ದರೆ ಬಂದೂಕು ಬರೀ ಬಡಿಗೆ.

ಅಂಗಳದಲ್ಲಿ ಶ್ರೀಪಾಲನ ಜೀಪು ನಿಂತಿತ್ತು. ಶ್ರೀಪಾಲ ಅದೇ ಕಬ್ಬೂರಿನ ಜೈನರವನು, ಬಾಜೂ ಹೊಲದವನು, ಸಾಲೆಯಿಂದಲೂ ಗೆಳೆಯ. ಇನ್ನೊಬ್ಬ ಗೆಳೆಯ ಮಲಕಾರಿ ಹಿಂದಿನ ಸೀಟಿನಲ್ಲಿ ಆಗಲೇ ಕಾಲು ಚಾಚಿದ್ದ. “ಕುದುರಿ ಹುಡಕಾಕ ಜೀಪ್ ಹತ್ತಿದವರು ನಾವ ಮೊದಲಿನವರು ನೋಡ,” ಎಂದು ನಕ್ಕ.

ಕಬ್ಬಿನಲ್ಲಿ ಹಂದಿ ಹೊಕ್ಕಿವೆ, ಇಂದೇ ಒಂದನ್ನು ಕೆಡವಬೇಕು ಎಂದು ಮುರಗೆಪ್ಪ ಗೆಳೆಯರಿಗೆ ಹೇಳಿದ್ದ. ಹಂದಿ ಯಾವುದೆಂದು ಹೇಳಿರಲಿಲ್ಲ. ಅವನ ಅಂಗಿಯ ಕಿಸೆಯಲ್ಲಿ ಒಂದೇ ಒಂದು ಕಾಡತೂಸಿತ್ತು. ಅದು ಶ್ರೀಪಾಲನಿಗೆ.

ತಿಂಗಳ ಹಿಂದೆ, ಎಂಬತ್ತೇಳರ ಹೋಳಿಯ ಮುಂದೆ, ಶ್ರೀಪಾಲ ಅಥಣಿಯ ಅಕ್ಕನ ಮನೆಯಿಂದ ಒಂದು ಬುಟ್ಟಿ ದ್ರಾಕ್ಷಿ ತಂದುಕೊಟ್ಟಿದ್ದ. ಕಸ್ತೂರೆವ್ವ ನಕ್ಕಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಗಂಡನ ಮುಂದೆ ಅವಳು ಹಾಗೆ ನಕ್ಕಿರಲಿಲ್ಲ. ಅಂದಿನಿಂದ ಮುರಗೆಪ್ಪನಿಗೆ ರೊಟ್ಟಿ ಸೇರಿರಲಿಲ್ಲ.

ಬೇರೆ ಕುದುರೆ ಕೊಳ್ಳಲೆಂದು ಮುರಗೆಪ್ಪ ಟ್ರಂಕು ತಡಕಿ ಲೈಸೆನ್ಸಿನ ಪುಸ್ತಕ ಹಿಡಿದು ಹೊರಗೆ ಬಂದಾಗ ಅವಳು ಜೀಪಿನ ಬಳಿ ನಿಂತಿದ್ದಳು. ಶ್ರೀಪಾಲನ ಮುಷ್ಟಿಯಲ್ಲಿ ಏನೋ ಇಟ್ಟಳು.

“ಏನದು?”

“ಅಡಕಿ,” ಎಂದಳು ಗಂಡನಿಗೆ.

ಇಂಜಿನ್ ಶುರುವಾಯಿತು. ಅವಳು ಜೀಪಿನ ಗಾಲಿ ನೋಡುತ್ತ ಅಂದಳು: “ಹೊತ್ತು ಮುಳುಗೂದ್ರಾಗ ಬರ್ರಿ.”

ಶ್ರೀಪಾಲ ತಲೆಯಾಡಿಸಿದ. ಜೈನರವನು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಗಂಡ ಯಾವ ಹೊತ್ತಿಗೆ ಬಂದರೂ ಕೇಳದವಳು ಇವನಿಗೆ ವೇಳೆ ಹೇಳಿ ಅಡುಗೆ ಮಾಡುತ್ತಾಳೆ! ಮುರಗೆಪ್ಪ ಹಲ್ಲು ಕಡಿದ.

ಚಿಕ್ಕೋಡಿಯ ಬಂದೂಕಿನ ಅಂಗಡಿಯವನು ನೋಡಿದವನೇ ತಿರುಗಿ ಕೊಟ್ಟ. “ಇಂಥಾ ಕುದುರಿ ಈಗ ಬರಂಗಿಲ್ರಿ.”

“ಸಾಕ್ಲೇ ಮುರಗ್ಯಾ, ಮನಿಗೆ ಹೋಗೂನು,” ಎಂದ ಶ್ರೀಪಾಲ.

“ಇನ್ನ ಈಗ ಬಂದೀವಿ. ಏನ್ ಅವಸರ ನಿಂದು?”

“ಹಂಗ ಅಂದೆ.”

ನಿಪ್ಪಾಣಿಯ ಅಂಗಡಿಯವನು ಕನ್ನಡಕ ಏರಿಸಿಕೊಂಡು ಬೆರಳಾಡಿಸಿದ. “ಘೋಡಾ, ನಿಮ್ಮ ಕುದುರಿ, ಮುರಿದಿಲ್ರಿ. ಸ್ಕ್ರೂ ಸಡಲ ಮಾಡಿ ಬರೋಬ್ಬರಿ ಬಿಚ್ಚ್ಯಾರ. ಇದು ಮನ್ಯಾಗ ಬಂದು ಹೋಗವರ ಕೆಲಸ.”

ಮುರಗೆಪ್ಪ ಶ್ರೀಪಾಲನತ್ತ ನೋಡಿದ. ಅವನು ಪ್ಯಾಂಟಿನ ಕಿಸೆಯಲ್ಲಿ ಕೈಯಿಟ್ಟುಕೊಂಡು ರಸ್ತೆ ನೋಡುತ್ತಿದ್ದ.

ಮರಳಿ ಬರುವಾಗ ಮಲಕಾರಿ ಮುಂದೆ ಬಾಗಿದ. “ಶ್ರೀಪಾಲ, ವೈನಿ ಕೊಟ್ಟ ಅಡಕಿ ಒಂದ್ ಹೋಳ ಕೊಡಲೇ.”

“ಇದು ಕಡ್ಯಾಕ ಬರಂಗಿಲ್ಲ.”

“ಥೂ ಜಿಪುಣ! ಬಸದಿಗೆ ಏರಸಾಕ ಇಟ್ಟಿಯೇನು?”

ಕಬ್ಬೂರಿನ ತಿರುವಿನಲ್ಲಿ ಜೀಪು ನಿಧಾನವಾಯಿತು.

“ಊರು ಬಂತು. ಉಂಡು ಬಿಡೂನು. ವೈನಿ ಕಾಯಾಕತ್ತಿರ್ತಾರ,” ಎಂದ ಶ್ರೀಪಾಲ.

“ಯಾರನ್ನ ಕಾಯಾಕತ್ತಿರ್ತಾಳ?”

ಶ್ರೀಪಾಲ ಜೀಪು ಪೂರ್ತಿ ನಿಲ್ಲಿಸಿದ.

“ನಡಿ ರಾಯಬಾಗಕ್ಕ!”

ರಾಯಬಾಗದ ಅಂಗಡಿಯಲ್ಲೂ ಇಲ್ಲ. ಬೇವಿನ ನೆರಳಲ್ಲಿ ಶ್ರೀಪಾಲ ತಾನು ತಂದ ಡಬ್ಬಿ ಬಿಚ್ಚಿದ, ಹೊಟ್ಟೆ ತುಂಬ ಉಂಡ, ಕೈ ತೊಳೆದ. ತೊಳೆದವನೇ, “ತಿರಗೂನೇನಲೇ?” ಎಂದ.

ಉಂಡರೂ ಅದೇ ಮನೆ! ಮುರಗೆಪ್ಪ ಅಂಗಿಯ ಮೇಲಿಂದ ಕಾಡತೂಸು ಮುಟ್ಟಿಕೊಂಡ.

ಅಥಣಿಯ ಅಂಗಡಿಯಲ್ಲೂ ಇಲ್ಲವೆಂದು ಕೈ ಆಡಿಸಿದರು. ಬಿಸಿಲು ಇಳಿದಿತ್ತು. ಶ್ರೀಪಾಲ ಮುರಗೆಪ್ಪನ ರಟ್ಟೆ ಹಿಡಿದ.

“ಕೈ ಮುಗೀತೀನಿ, ಮುರಗೆಪ್ಪಾ. ಈಗ ಹೊಂಟ್ರ ಹೊತ್ತಿಗೆ ಮುಟ್ಟತೀವಿ.”

ಮುರಗ್ಯಾ ಎನ್ನುವವನು ಅಂದು ಮೊದಲ ಸಲ ಪೂರ್ತಿ ಹೆಸರು ಕರೆದಿದ್ದ.

“ನನ್ನ ಮನಿ ಮುಟ್ಟಾಕ ನಿನಗ್ಯಾಕಲೇ ಇಷ್ಟು ತಳಮಳ?”

“ನಿನಗಿಲ್ಲಲ್ಲ, ಅದಕ್ಕ.”

ಮುರಗೆಪ್ಪ ರಟ್ಟೆ ಕೊಡವಿಕೊಂಡ. “ಕಾಗವಾಡಕ್ಕ ಹೊಡಿ. ಇಲ್ಲಂದ್ರ ನಾ ನಡಕೋತ ಹೋಗ್ತೀನಿ.”

ಕಾಗವಾಡದ್ದು ಐದನೆಯ ಅಂಗಡಿ, ಕೊನೆಯದು. ಮುದುಕ ಹಳೆಯ ಸಾಮಾನಿನ ಪೆಟ್ಟಿಗೆ ಸುರುವಿ, ಕೆದರಿ, ಒಂದು ಕುದುರೆ ಎತ್ತಿ ಹಿಡಿದ. “ಅರ್ಧಾ ತಾಸು ತಿಕ್ಕಿದ್ರ ಕೂಡ್ತೈತ್ರಿ.”

ಮುರಗೆಪ್ಪನ ಮುಖ ಆ ದಿನ ಮೊದಲ ಸಲ ಅರಳಿತು.

ಶ್ರೀಪಾಲ ಬಾಗಿಲಲ್ಲಿ ನಿಂತು ಪಡುವಣಕ್ಕೆ ನೋಡುತ್ತಿದ್ದ. ಸೂರ್ಯ ಕಬ್ಬಿನ ಗರಿಯ ಹಿಂದೆ ಇಳಿದು, ಪೂರ್ತಿ ಮುಳುಗುವ ತನಕ ನೋಡಿದ. ಆಮೇಲೆ ಒಳಗೆ ಬಂದ.

“ತಿಕ್ಕಬ್ಯಾಡ್ರಿ ಅಜ್ಜಾ. ಇನ್ನ ಅವಸರಿಲ್ಲ.”

ಕಿಸೆಯಿಂದ ಕೈ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. ಬಂದೂಕಿನ ಕುದುರೆ.

“ವೈನಿ ಕೊಟ್ಟ ಅಡಕಿ,” ಎಂದ. “ಕಾಡತೂಸು ಯಾರಿಗಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.”

ಮುರಗೆಪ್ಪ ಅವನ ಕೊರಳಪಟ್ಟಿ ಹಿಡಿದ. “ಬರ್ರಿ ಅಂತ ನಿನ್ನ ಕರದ್ಲು! ನನ್ನ ಕಿವಿಲೆ ಕೇಳೇನಿ!”

“ಆ ‘ಬರ್ರಿ’ ನನಗಲ್ಲಲೇ, ನಿನಗ. ಕುದುರಿ ಹಂಬಲಾ ಬಿಟ್ಟು ಹೊತ್ತು ಮುಳುಗೂದ್ರಾಗ ಬಂದ್ರ ಮನ್ಯಾಗ ಇರ್ತೀನಿ, ಇಲ್ಲಂದ್ರ ಇಲ್ಲ ಅಂತ, ನೀ ಟ್ರಂಕು ತಡಕೂವಾಗ ನನಗ ಮೆಲ್ಲಕ ಹೇಳ್ಯಾರ. ಇದನ್ನ ಹೇಳಬ್ಯಾಡ್ರಿ, ಹೇಳಿಸಿಕೊಂಡು ಬಂದ್ರ ಅದು ಬಂದಂಗಲ್ಲ, ಅಂದಾರ.”

ಕಬ್ಬೂರಿನಲ್ಲಿ ಕಸ್ತೂರೆವ್ವ ಗಂಡನ ಗಂಗಾಳ ಒಂದನ್ನೇ ಬಡಿಸಿ, ಮೇಲೆ ಬುಟ್ಟಿ ಮುಚ್ಚಿಟ್ಟು, ಆಗಲೇ ಹೊಸ್ತಿಲು ದಾಟಿದ್ದಳು, ಮತ್ತೆ ಬರಲಿಲ್ಲ.