ಹನ್ನೊಂದನೆಯದು

ಮೌನಮ್ಮ ಎರಡು ಜಡೆ ಹಾಕಿಸಿಕೊಂಡು, ಒಗೆದ ಯೂನಿಫಾರ್ಮಿಗೆ ಕಾಗದದ ಬಾವುಟ ಚುಚ್ಚಿಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ಈಶಪ್ಪನ ಬೈಕು ಬಾಗಿಲಿಗೆ ಬಂದು ನಿಂತಿತು. ಊರ ಶಾಲಾ ಸಮಿತಿಗೆ ಅವನೇ ಅಧ್ಯಕ್ಷ. ಬಾವುಟ ಹಾರಿಸಲು ಹೊರಟಿದ್ದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ತಲೆಗೆ ಬಿಳಿ ಟೋಪಿ.

“ಭಾಗಮ್ಮ, ಹತ್ತಿ ಬೀಜದ ಕ್ರಾಸಿಂಗಿಗೆ ಇಬ್ಬರು ಹುಡುಗ್ಯಾರು ಬಂದಿಲ್ಲ. ಜ್ವರ ಅಂತ. ಮಗಳನ್ನ ಕರ್ಕೊಂಡು ನನ್ನ ಹೊಲಕ್ಕ ನಡಿ.”

ಭಾಗಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಇವತ್ತ ಈಕಿ ಸಾಲ್ಯಾಗ ಮಾತಾಡೋದೈತ್ರಿ ಸಾವ್ಕಾರ್ರ. ಹಣಮಂತ್ರಾಯ ಮಾಸ್ತರು ಹೆಸರು ಬರ್ಕೊಂಡಾರ. ದೇಶದ ಮಂದಿ ಮಾಡಬೇಕಾದ ಕರ್ತವ್ಯ ಹನ್ನೊಂದು ಅದಾವಂತಲ್ರಿ, ಅವನ್ನ ಬಾಯಿಪಾಠ ಹೇಳ್ತಾಳ.”

“ಹೇಳ್ಲಿ, ಬ್ಯಾಡ ಅಂದೋರು ಯಾರು? ನಿನ್ನೆ ಗಿಡದಾಗ ಸಿಪ್ಪಿ ಬಿಡಿಸಿಟ್ಟ ಮೊಗ್ಗು, ಇವತ್ತ ಪುಡಿ ಮುಟ್ಟಿಸಲಿಲ್ಲಂದ್ರ ಉದುರಿ ಹೋಗ್ತಾವ. ಹೂವಿಗೆ ಆಗಸ್ಟ್ ಹದಿನೈದು ತಿಳಿಯಂಗಿಲ್ಲ.”

“ಆಕಿ ಪಾಲಿನ ಗಿಡದ ಸಾಲೂ ನಾನೇ ಮಾಡ್ತೀನ್ರಿ.”

ಈಶಪ್ಪ ನಕ್ಕ. “ನಿನ್ನ ಬೆರಳು ನೋಡ್ಕೊಂಡೀಯೇನು? ರೊಟ್ಟಿ ಬಡಿಯೋ ಬೆರಳವು. ಹೋದ ವಾರ ಎಷ್ಟು ಹೂವು ಮುರದಿ, ಹೇಳು. ಇದಕ್ಕ ಸಣ್ಣ ಕೈ ಬೇಕು. ಎರಡು ತಿಂಗಳ ಮಾತು. ಸೀಜನ್ ಮುಗಿದ ಮ್ಯಾಲ ಸಾಲಿಗೆ ಕಳಸು. ಸಾಲಿ ಎಲ್ಲಿಗೆ ಓಡಿ ಹೋಗ್ತೈತಿ?”

ಈಶಪ್ಪ ಬೈಕಿಗೆ ಕಿಕ್ ಹೊಡೆದು, ಏನೋ ನೆನಪಾದವನಂತೆ ತಿರುಗಿದ.

“ಇವತ್ತ ನಿನ್ನ ನೀರಿನ ಪಾಳಿ ಅಲ್ಲೇನು?”

ಅವಳ ಒಂದು ಎಕರೆ ಇದ್ದದ್ದು ಕಾಲುವೆಯ ಕಟ್ಟಕಡೆಗೆ. ನಾರಾಯಣಪುರ ಡ್ಯಾಮಿನ ನೀರು ಈಶಪ್ಪನ ಗದ್ದೆಗಳನ್ನು ದಾಟಿಯೇ ಅವಳ ಭತ್ತಕ್ಕೆ ಬರಬೇಕು. ನಾಟಿ ಮಾಡಿ ಹನ್ನೆರಡು ದಿನವಾಗಿತ್ತು. ಹೋದ ಪಾಳಿಯಲ್ಲಿ ನೀರು ಬಂದಿರಲಿಲ್ಲ. ಸಸಿ ಹಳದಿ ತಿರುಗಿತ್ತು.

“ಹೌದ್ರಿ,” ಎಂದಳು.

“ಬರ್ತೈತಿ ಬಿಡು. ನಾ ಆಳಿಗೆ ಹೇಳ್ತೀನಿ.”

ಬೈಕು ಶಾಲೆಯ ಕಡೆ ಹೋಯಿತು. ಭಾಗಮ್ಮ ಗೂಟಕ್ಕಿದ್ದ ಗಂಡನ ಹಳೆಯ ತುಂಬುತೋಳಿನ ಅಂಗಿ ತಂದು ಮಗಳ ಯೂನಿಫಾರ್ಮಿನ ಮೇಲೆಯೇ ತೊಡಿಸಿದಳು. ಹೊಲದಲ್ಲಿ ಔಷಧಿ ಹೊಡೆದಿದ್ದರು, ಮೈಗೆ ತಾಗಬಾರದು. ಕೊರಳವರೆಗೆ ಗುಂಡಿ ಹಾಕಿದಾಗ ಬಾವುಟ ಒಳಗೆ ಹೋಯಿತು.

“ಮಾಸ್ತರು ಬೈತಾರವ್ವಾ.”

“ಬೈಯಂಗಿಲ್ಲ. ನಾ ಹೇಳ್ತೀನಿ.”

ಹತ್ತಿ ಗಿಡಗಳು ಮೌನಮ್ಮನ ಎದೆಯೆತ್ತರಕ್ಕಿದ್ದವು. ನಿನ್ನೆ ಕೆಂಪು ಕಾಗದ ಸಿಕ್ಕಿಸಿಟ್ಟ ಮೊಗ್ಗು ಹುಡುಕುವುದು, ಕಾಗದ ತೆಗೆಯುವುದು, ಗಂಡು ಹೂವಿನ ಪುಡಿಯನ್ನು ಅದರ ತುದಿಗೆ ಮೆಲ್ಲಗೆ ಸವರುವುದು. ಮತ್ತೆ ಮುಂದಿನ ಮೊಗ್ಗು. ತಾಯಿ ಒಂದು ಸಾಲಿನಲ್ಲಿ, ಮಗಳು ಪಕ್ಕದ ಸಾಲಿನಲ್ಲಿ. ಮಗಳ ಕೈಯಲ್ಲಿ ಒಂದು ಹೂವೂ ಮುರಿಯಲಿಲ್ಲ.

ಕಾಲುವೆಯ ಆಚೆಯಿಂದ ಮೈಕು ಕೇಳಿಸಿತು. ಜನಗಣಮನ ಮುಗಿಯಿತು. “ಐದನೇ ಇಯತ್ತೆಯ ಮೌನಮ್ಮ ವೇದಿಕೆಗೆ ಬರಬೇಕು,” ಎಂದರು ಹಣಮಂತ್ರಾಯ ಮಾಸ್ತರು. ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. “ಮೌನಮ್ಮ... ಬಂದಿಲ್ಲೇನು? ಇರ್ಲಿ. ಈಗ ಅಧ್ಯಕ್ಷರು ಎರಡು ಮಾತಾಡ್ತಾರ.”

ಈಶಪ್ಪ ಗಂಟಲು ಸರಿಮಾಡಿಕೊಂಡದ್ದು ಹೊಲದ ತನಕ ಕೇಳಿಸಿತು.

ಮೌನಮ್ಮ ತಲೆ ಎತ್ತಲಿಲ್ಲ. ಮೊಗ್ಗು ಹುಡುಕುತ್ತಲೇ ತನ್ನಷ್ಟಕ್ಕೆ ಹೇಳತೊಡಗಿದಳು. ಸಂವಿಧಾನವನ್ನು, ಬಾವುಟವನ್ನು ಗೌರವಿಸುವುದು. ದೇಶವನ್ನು ಕಾಯುವುದು. ಕಾಡು, ಕೆರೆ, ನದಿ ಉಳಿಸುವುದು. ಒಂದೊಂದಕ್ಕೆ ಒಂದೊಂದು ಹೂವು.

ಭಾಗಮ್ಮನಿಗೆ ಓದು ಬಾರದು. ಆದರೆ ತಿಂಗಳಿಂದ ಒಲೆಯ ಮುಂದೆ ಕೇಳಿ ಕೇಳಿ ಅಷ್ಟೂ ಬಾಯಿಗೆ ಬಂದಿತ್ತು. ಅವಳಿಗೆ ಹಿಡಿಸಿದ್ದು ಕೊನೆಯದು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ತಂದೆ ತಾಯಿ ಓದುವ ಅವಕಾಶ ಮಾಡಿಕೊಡಬೇಕು. ಮೊದಲ ಸಲ ಕೇಳಿದಾಗ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, “ಇದು ನಮ್ಮಂಥೋರಿಗೂ ಬರದಾರೇನು?” ಎಂದು ಕೇಳಿದ್ದಳು. “ಎಲ್ಲಾ ಅವ್ವ ಅಪ್ಪಗೂ,” ಎಂದಿದ್ದಳು ಮಗಳು. ಅಂದಿನಿಂದ ಅದೊಂದನ್ನು ದಿನಾ ಎರಡೆರಡು ಸಲ ಹೇಳಿಸುತ್ತಿದ್ದಳು.

“...ಒಂಬತ್ತು, ಸಾರ್ವಜನಿಕ ಆಸ್ತಿ ಕಾಪಾಡುವುದು. ಹತ್ತು, ಎಲ್ಲಾ ಕೆಲಸದಾಗೂ ಮ್ಯಾಲಕ್ಕ ಬರಾಕ ದುಡಿಯೋದು.”

ಮೌನಮ್ಮ ನಿಂತಳು. ಗಿಡಗಳ ನಡುವಿನಿಂದ ತಾಯಿಯ ಕಡೆ ಒಮ್ಮೆ ನೋಡಿದಳು. ಮತ್ತೆ ಬಗ್ಗಿ ಮುಂದಿನ ಮೊಗ್ಗಿಗೆ ಕೈ ಹಾಕಿದಳು.

“ಇನ್ನೊಂದೈತಲ್ಲ?” ಎಂದಳು ಭಾಗಮ್ಮ.

“ಇಲ್ಲವ್ವಾ. ಹತ್ತೇ ಅದಾವ.”

ಭಾಗಮ್ಮನ ಕೈಯಲ್ಲಿದ್ದ ಹೂವು ಮುರಿಯಿತು. ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, “ಹೌದವ್ವಾ, ಹತ್ತೇ,” ಎಂದಳು.

ಬದುವಿನಾಚೆ ಆಳು ಕಾಲುವೆಯ ಒಡ್ಡು ಬಿಚ್ಚಿದ. ನೀರು ಅವಳ ಭತ್ತದ ಕಡೆಗೆ ತುಂಬಿ ಹರಿಯತೊಡಗಿತು. ಈಶಪ್ಪ ಮಾತಿಗೆ ತಪ್ಪುವ ಮನುಷ್ಯನಲ್ಲ.