ಬಣ್ಣ ಬಳಿಯಲು ಬಂದವನು

ಮನೆಯ ಬೆಲೆ ಕಟ್ಟಲು ಬ್ಯಾಂಕಿನವರು ಕಳಿಸಿದ್ದ ಮನುಷ್ಯನನ್ನು ವಾರಿಜ ಅತ್ತೆಗೆ ಪೇಂಟರ್ ಎಂದು ಪರಿಚಯಿಸಿದಳು. ಮನೆ ಅಡ ಇಡದಿದ್ದರೆ ಗಂಡನ ಅಂಗಡಿ ಉಳಿಯುತ್ತಿರಲಿಲ್ಲ. ಬಿಂದಿಗೆಯಲ್ಲಿ ನೀರು ಹೊತ್ತು ಗೋಡೆಗೆ ಹಾಕಿ ಈ ಮನೆ ಕಟ್ಟಿಸಿದ ಅತ್ತೆಗೆ ಅದನ್ನು ಹೇಳುವ ಬಾಯಿ ಅವಳಿಗಿರಲಿಲ್ಲ.

"ಹಬ್ಬದೊಳಗೆ ಮುಗಿಸಪ್ಪ. ಹಳದಿ ಬಣ್ಣ ಮಾತ್ರ ಬೇಡ," ಎಂದು ಅತ್ತೆ ಅವನಿಗೆ ಕಾಫಿ ಕೊಟ್ಟರು. ವಾರಿಜಳಿಗೆ ತಲೆ ಎತ್ತಲಾಗಲಿಲ್ಲ.

ಅವನು ಗೋಡೆಗಳನ್ನು ಅಳೆದ, ತಟ್ಟಿ ನೋಡಿದ. ಕೊನೆಯ ಕೋಣೆಗೆ ಬರುವಷ್ಟರಲ್ಲಿ ಅತ್ತೆ ಗೋಡೆಗೆ ದಿಂಬು ಪೇರಿಸಿ, ಒರಗಿ ಕೂತುಬಿಟ್ಟಿದ್ದರು.

"ಮಂಡಿ ನೋವಪ್ಪ, ಏಳೋಕಾಗಲ್ಲ. ಬಾಗಿಲಲ್ಲೇ ನಿಂತು ಅಳತೆ ತಗೋ."

ಅವನು ಹೋದ ಮೇಲೆ ವಾರಿಜ ಓಡಿಬಂದಳು. "ಈಗ ತಾನೇ ಓಡಾಡ್ತಿದ್ರಲ್ಲ ಅತ್ತೆ, ಏನಾಯ್ತು?"

ಅತ್ತೆ ಎದ್ದು ದಿಂಬು ತೆಗೆದರು. ಹಿಂದೆ ಗೋಡೆಯುದ್ದಕ್ಕೂ ಬಿರುಕು.

"ನಿನ್ನ ಗಂಡನ ಓದಿಗೆ ಮನೆ ಅಡ ಇಟ್ಟಾಗ ನಾನೂ ನಮ್ಮತ್ತೆಗೆ ಪೇಂಟರ್ ಅಂತಲೇ ಹೇಳಿದ್ದೆ ಕಣೇ. ಆ ಪೇಂಟರ್ ಇದನ್ನ ನೋಡೇ ಬೆಲೆ ಇಳಿಸಿದ್ದ."