'ಅವರು' ಅಂದರೆ

ದಕ್ಷಿಣ ಸ್ಪೇನಿನ ಆ ಬೆಟ್ಟದೂರಿಗೆ ಅವನು ಬಂದದ್ದು ಇದೇ ಮೊದಲು. ಹೆಂಡತಿ ಎರಡು ವರ್ಷದ ಹಿಂದೆ ಆಫೀಸಿನ ಕೆಲಸಕ್ಕೆಂದು ಒಬ್ಬಳೇ ಬಂದು ಹೋಗಿದ್ದಳು. ಕೋಟೆಬಾಗಿಲಲ್ಲಿ ಇಟ್ಟಿದ್ದ ಸಂದರ್ಶಕರ ಪುಸ್ತಕವನ್ನು ತಿರುವುತ್ತಿದ್ದವನಿಗೆ ಅವಳ ದುಂಡನೆಯ ಕನ್ನಡ ಅಕ್ಷರ ಕಂಡಿತು: 'ಮುಂದಿನ ಸಲ ಅವರ ಜೊತೆಗೇ ಬರಬೇಕು.'

ಪಕ್ಕದಲ್ಲೇ ನಿಂತಿದ್ದ ಹೆಂಡತಿಯತ್ತ ಸರ್ರನೆ ತಿರುಗಿದ. "ಯಾರೇ ಈ 'ಅವರು'?"

"ಅಯ್ಯೋ, ಗಂಡನ ಹೆಸರು ಬರೀತಾರೇನ್ರೀ? ನೀವೇ!" ಅವಳು ನಗುತ್ತ ಕಣಿವೆಯ ಫೋಟೋ ತೆಗೆಯಲು ಹೋದಳು.

ತನ್ನ ಬುದ್ಧಿಗಿಷ್ಟು ಎಂದುಕೊಂಡು ಅವನು ಪೆನ್ನು ಕೈಗೆತ್ತಿಕೊಂಡ. 'ಕೊನೆಗೂ ಬಂದೆವು' ಎಂದು ಬರೆಯಲು ಖಾಲಿ ಜಾಗ ಹುಡುಕುತ್ತ ಹಾಳೆ ಮಗುಚಿದ.

ಕಳೆದ ವರ್ಷದ ತಾರೀಕಿನ ಕೆಳಗೆ ಅದೇ ದುಂಡನೆಯ ಅಕ್ಷರ: 'ಅಂದುಕೊಂಡಂತೆ, ಅವರ ಜೊತೆಗೇ ಬಂದೆ.'